ತೈಲದೊಳಗಣ ಲೋಹ, ಜಲದೊಳಗಣ ಲೋಹ

ಕುವೈತ್ ಸಿಟಿಯ ಕನ್ನಡಿಗರ ಸಭೆಯಲ್ಲಿ ಓದಿದ ದತ್ತಿ ಉಪನ್ಯಾಸ



ಸಾಹಿತ್ಯ, ಸಂಗೀತ, ನಾಟಕಾದಿ ವಿಷಯಗಳಲ್ಲಿ ಉಪನ್ಯಾಸಗಳನ್ನು ಕೇಳಿ ಆನಂದಿಸುವ ಕನ್ನಡಿಗರು, ತಾಯ್ನಾಡಿನಿಂದ ಕಡಲಾಚೆಗಿರುವ ಈ ನಗರದಲ್ಲಿ, ಒಂದು ಇಡೀ ಸಂಜೆಯನ್ನು ರಸಾಯನಶಾಸ್ತ್ರಕ್ಕಾಗಿ ತೆಗೆದಿರಿಸಿದ್ದಾರೆಂಬುದು ನನಗೆ ಪರಮಸಂತೋಷದ ಸಂಗತಿಯಾಗಿದೆ. ಇಲ್ಲಿ ನೆರೆದಿರುವ ನಮ್ಮಲ್ಲಿ ಬಹುಮಂದಿಯ ಅನ್ನವು ನೇರವಾಗಿಯೋ ಬಳಸುದಾರಿಯಿಂದಲೋ ಈ ನೆಲದ ತೈಲದಿಂದ ಬಂದುದು. ನಾವೆಲ್ಲರೂ ಕುಡಿಯುವ ನೀರು ಬಹುಮಟ್ಟಿಗೆ ಸಮುದ್ರದ ಉಪ್ಪುನೀರನ್ನು ಶುದ್ಧಿಗೊಳಿಸಿ ಪಡೆದುದು. ಆ ತೈಲದಲ್ಲಿಯೂ ಆ ನೀರಿನಲ್ಲಿಯೂ ಕಣ್ಣಿಗೆ ಕಾಣದಷ್ಟು, ನಾಲಗೆಗೆ ತಿಳಿಯದಷ್ಟು ಅತ್ಯಲ್ಪ ಪ್ರಮಾಣದಲ್ಲಿ ಲೋಹಗಳು ಸೇರಿಕೊಂಡಿವೆ. ಅವು ಯಾವುವು, ಎಷ್ಟಿವೆ, ಮತ್ತು ಇವೆರಡಕ್ಕಿಂತಲೂ ಮುಖ್ಯವಾಗಿ, ಯಾವ ರೂಪದಲ್ಲಿ ಯಾವುದರ ಸಂಗಡ ಇವೆ ಎಂಬುದನ್ನು ಅರಿಯಲು ಮನುಷ್ಯನು ಕಂಡುಕೊಂಡಿರುವ ಉಪಾಯಗಳಲ್ಲಿ ಅತ್ಯಂತ ಸೂಕ್ಷ್ಮವಾದುದೊಂದನ್ನು ಕುರಿತು ಈ ಸಂಜೆ ಮಾತನಾಡಬಯಸುತ್ತೇನೆ.

ಆ ಉಪಾಯದ ಹೆಸರು ರಾಶಿ ರೋಹಿತಮಾಪನ. ಪ್ರಯೋಗಶಾಲೆಗಳಲ್ಲಿ ಆಡುವ ಮಾತಿನಲ್ಲಿ ಮಾಸ್ ಸ್ಪೆಕ್ಟ್ರೋಮೆಟ್ರಿ. ನನ್ನ ಉಪನ್ಯಾಸದ ವ್ಯಾಪ್ತಿಯನ್ನು ಮೊದಲೇ ತಿಳಿಸಿಬಿಡುವುದು ಯುಕ್ತ. ಪ್ರಥಮದಲ್ಲಿ ಈ ಉಪಕರಣದ ತತ್ತ್ವವನ್ನು ಸಂಕ್ಷೇಪವಾಗಿ ವಿವರಿಸುತ್ತೇನೆ. ಅನಂತರ ಕುವೈತಿನ ಕಚ್ಚಾ ತೈಲದಲ್ಲಿರುವ ವನೇಡಿಯಂ ಮತ್ತು ನಿಕ್ಕಲ್ ಲೋಹಗಳ ವಿಚಾರವನ್ನು ಕೊಂಚ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಈ ಉಪನ್ಯಾಸದ ಹೃದಯವು ಅಲ್ಲಿದೆ. ತರುವಾಯ ಈ ಕೊಲ್ಲಿಯ ಸಮುದ್ರಜಲಕ್ಕೆ ಬಂದು, ಕೊನೆಯಲ್ಲಿ ಯುರೇನಿಯಂ ಮತ್ತು ಪಾದರಸಗಳನ್ನು ಕುರಿತು ಕೆಲವು ಮಾತುಗಳನ್ನಾಡುತ್ತೇನೆ. ಪ್ರೋಟೀನುಗಳು, ಔಷಧಗಳು, ರೋಗನಿದಾನ ಇವುಗಳಲ್ಲಿ ಈ ಉಪಕರಣದ ಪ್ರಯೋಗವು ಇಂದು ಲೋಕವಿಖ್ಯಾತವಾಗಿದೆ. 2002ರಲ್ಲಿ ಜಾನ್ ಫೆನ್ ಹಾಗೂ ಕೊಯಿಚಿ ತನಾಕಾ ಅವರಿಗೆ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆತುದೂ ಆ ದಿಕ್ಕಿನ ಕೆಲಸಕ್ಕಾಗಿಯೇ. ಆ ವಿಶಾಲಕ್ಷೇತ್ರವನ್ನು ನಾನಿಂದು ಮುಟ್ಟುವುದಿಲ್ಲ. ನನ್ನ ವಿಷಯ ನಿರವಯವ ವಸ್ತುಗಳು, ಹಾಗೂ ಲೋಹವೂ ಕಾರ್ಬನ್ನೂ ಒಂದೇ ಅಣುವಿನಲ್ಲಿ ಕೂಡಿಬಾಳುವ ಲೋಹಸಾವಯವ ವಸ್ತುಗಳು.

ಈಗ ತತ್ತ್ವಕ್ಕೆ ಬರೋಣ. ಸುಗ್ಗಿಯ ಕಾಲದಲ್ಲಿ ನಮ್ಮ ರೈತನು ಕಣದಲ್ಲಿ ಗಾಳಿಗೆ ಎದುರಾಗಿ ನಿಂತು ಮೊರದಿಂದ ಧಾನ್ಯವನ್ನು ತೂರುವಾಗ, ಗಟ್ಟಿಕಾಳು ಅವನ ಕಾಲ ಬಳಿಯಲ್ಲಿಯೇ ಬೀಳುವುದನ್ನೂ, ಜೊಳ್ಳು ಅದಕ್ಕಿಂತ ದೂರದಲ್ಲಿ, ಹೊಟ್ಟು ಇನ್ನೂ ದೂರದಲ್ಲಿ ಬೀಳುವುದನ್ನೂ ನಾವೆಲ್ಲರೂ ನೋಡಿದ್ದೇವೆ. ಒಂದೇ ಗಾಳಿಯು ಭಾರವಾದುದನ್ನು ಕಡಮೆಯಾಗಿಯೂ ಹಗುರವಾದುದನ್ನು ಹೆಚ್ಚಾಗಿಯೂ ಓಸರಿಸುತ್ತದೆ. ರಾಶಿ ರೋಹಿತಮಾಪಕದಲ್ಲಿ ಗಾಳಿಯ ಸ್ಥಾನದಲ್ಲಿರುವುದು ಕಾಂತಕ್ಷೇತ್ರ ಅಥವಾ ವಿದ್ಯುತ್‌ಕ್ಷೇತ್ರ. ಕಾಳಿನ ಸ್ಥಾನದಲ್ಲಿರುವುವು ವಿದ್ಯುದಾವೇಶ ಪಡೆದ ಪರಮಾಣುಗಳು ಅಥವಾ ಅಣುಗಳು, ಎಂದರೆ ಅಯಾನುಗಳು. ಇವು ನಡುದಾರಿಯಲ್ಲಿ ವಾಯುವಿನ ಕಣಗಳಿಗೆ ಡಿಕ್ಕಿಹೊಡೆದು ಚದರಿಹೋಗದಂತೆ ಯಂತ್ರದ ಒಳಭಾಗವನ್ನು ನಿರ್ವಾತಗೊಳಿಸಿರುತ್ತಾರೆ. ವಸ್ತುವನ್ನು ಅಯಾನುಗಳನ್ನಾಗಿ ಮಾಡುವುದು, ಅವನ್ನು ತೂಕದ ಪ್ರಕಾರ ಬೇರ್ಪಡಿಸುವುದು, ಬೇರ್ಪಟ್ಟವನ್ನು ಎಣಿಸುವುದು, ಈ ಮೂರೇ ಅದರ ಕಾರ್ಯ. ಎಣಿಕೆಯ ಫಲವು ಒಂದು ರೇಖಾಚಿತ್ರವಾಗಿ ಹೊರಬರುತ್ತದೆ. ಅದರಲ್ಲಿ ಪ್ರತಿಯೊಂದು ಶಿಖರವೂ ಒಂದೊಂದು ತೂಕದ ಅಯಾನಿನ ಗುರುತು.

ಕೇಂಬ್ರಿಜ್ಜಿನಲ್ಲಿ ಜೆ. ಜೆ. ಥಾಮ್ಸನ್ ಅವರು ನಿಯಾನ್ ಅನಿಲವನ್ನು ಈ ಬಗೆಯ ಪರೀಕ್ಷೆಗೆ ಒಳಪಡಿಸಿದಾಗ, ಒಂದೇ ಗೆರೆ ಕಾಣಬೇಕಾದಲ್ಲಿ 20 ಮತ್ತು 22ರ ತೂಕಗಳಲ್ಲಿ ಎರಡು ಗೆರೆಗಳು ಕಂಡುವು. ಅವರ ಸಹಾಯಕರಾಗಿದ್ದ ಫ್ರಾನ್ಸಿಸ್ ಆಸ್ಟನ್ ಅವರು 1919ರಲ್ಲಿ ಅದಕ್ಕಿಂತ ಬಹುಪಾಲು ನಿಷ್ಕೃಷ್ಟವಾದ ಯಂತ್ರವನ್ನು ನಿರ್ಮಿಸಿ, ಒಂದೇ ಮೂಲವಸ್ತುವಿನಲ್ಲಿ ತೂಕ ಬೇರೆಯಾಗಿಯೂ ರಾಸಾಯನಿಕ ಸ್ವಭಾವ ಒಂದೇ ಆಗಿಯೂ ಇರುವ ಪರಮಾಣುಗಳುಂಟೆಂಬುದನ್ನು, ಎಂದರೆ ಸಮಸ್ಥಾನಿಗಳ ಅಸ್ತಿತ್ವವನ್ನು, ನಿಯಾನ್, ಕ್ಲೋರಿನ್ ಮುಂತಾದ ಅನೇಕ ಮೂಲವಸ್ತುಗಳಲ್ಲಿ ತೋರಿಸಿಕೊಟ್ಟರು. 1922ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಹೀಗೆ ಈ ವಿದ್ಯೆಯು ಜನ್ಮತಃ ನಿರವಯವ ವಸ್ತುಗಳ ವಿದ್ಯೆ. ಸಾವಯವ ರಸಾಯನಶಾಸ್ತ್ರವು ಇದನ್ನು ತನ್ನದಾಗಿ ಮಾಡಿಕೊಂಡುದು ಆಮೇಲೆ.

ಲೋಹಗಳ ವಿಷಯದಲ್ಲಿ ಈ ಸಮಸ್ಥಾನಿಗಳು ಪರೀಕ್ಷಕನಿಗೆ ದೊರೆತ ದೊಡ್ಡ ಸೌಭಾಗ್ಯ. ನಿಕ್ಕಲ್ ಲೋಹವನ್ನೇ ತೆಗೆದುಕೊಳ್ಳಿ. ಪ್ರಕೃತಿಯಲ್ಲಿ ಅದರ ಪರಮಾಣುಗಳಲ್ಲಿ ನೂರಕ್ಕೆ 68 ಪಾಲು 58ರ ತೂಕದವು, 26 ಪಾಲು 60ರ ತೂಕದವು. ಉಳಿದ ಅಲ್ಪಭಾಗವು 61, 62, 64ರ ತೂಕಗಳಲ್ಲಿ ಹಂಚಿಹೋಗಿದೆ. ಯಾವ ಅಣುವಿನಲ್ಲಿ ನಿಕ್ಕಲ್ ಇದ್ದರೂ ಆ ಅಣುವಿನ ಶಿಖರವು ಒಂಟಿಯಾಗಿ ನಿಲ್ಲದೆ ಇದೇ ಪ್ರಮಾಣದ ಶಿಖರಗಳ ಒಂದು ಗುಂಪಾಗಿ ಕಾಣಿಸಿಕೊಳ್ಳುತ್ತದೆ. ಬಲ್ಲವನು ಆ ಗುಂಪಿನ ಆಕಾರವನ್ನು ನೋಡಿದೊಡನೆಯೇ ಇಲ್ಲಿ ನಿಕ್ಕಲ್ ಇದೆಯೆಂದು ಹೇಳಬಲ್ಲನು. ಲುಡ್ವಿಗ್ ಮಾಂಡ್ ಮತ್ತು ಅವರ ಸಂಗಡಿಗರು 1890ರಲ್ಲಿ ಪ್ರಕಟಿಸಿದ ನಿಕ್ಕಲ್ ಕಾರ್ಬೊನಿಲ್ ಎಂಬ ವಸ್ತುವಿದೆ. ಒಂದು ನಿಕ್ಕಲ್ ಪರಮಾಣುವಿಗೆ ನಾಲ್ಕು ಕಾರ್ಬನ್ ಮಾನಾಕ್ಸೈಡ್ ಅಣುಗಳು ಅಂಟಿಕೊಂಡು ಆದುದು. ಯಂತ್ರದಲ್ಲಿ ಇಲೆಕ್ಟ್ರಾನುಗಳ ಪ್ರಹಾರಕ್ಕೆ ಸಿಕ್ಕಿದಾಗ ಅದು 170ರಿಂದ ತೊಡಗಿ 142, 114, 86 ಎಂದು ಪ್ರತಿ ಸಲವೂ 28ರಷ್ಟು ಇಳಿದು, ಕಟ್ಟಕಡೆಗೆ 58ಕ್ಕೆ, ಬರಿಯ ನಿಕ್ಕಲ್ಲಿಗೆ, ಬಂದು ನಿಲ್ಲುತ್ತದೆ. ಒಂದು ಅಣುವಿನ ರಚನೆಯನ್ನು ಅದು ಬಿಚ್ಚಿಕೊಳ್ಳುವ ಕ್ರಮದಿಂದಲೇ ಓದುವುದಕ್ಕೆ ಇದಕ್ಕಿಂತ ಸ್ಫುಟವಾದ ನಿದರ್ಶನವನ್ನು ನಾನು ಕಾಣೆ.

ಇಲ್ಲಿ ಒಂದು ಭೇದವನ್ನು ಮನಸ್ಸಿಗೆ ತಂದುಕೊಳ್ಳಬೇಕು, ಏಕೆಂದರೆ ಮುಂದಿನ ಮಾತೆಲ್ಲವೂ ಇದನ್ನೇ ಆಧರಿಸಿದೆ. ಲೋಹವಿರುವ ವಸ್ತುವನ್ನು ಪರೀಕ್ಷಿಸಲು ಎರಡು ಪರಸ್ಪರ ವಿರುದ್ಧವಾದ ಮಾರ್ಗಗಳಿವೆ. ಒಂದು, ಅಣುವನ್ನು ಆದಷ್ಟು ಮೃದುವಾಗಿ ಎತ್ತಿ, ಒಡೆಯದಂತೆ ಕಾಪಾಡಿ, ಇಡಿಯಾಗಿ ತೂಗುವುದು. ಇನ್ನೊಂದು, ಅಣುವೆಂಬುದು ಲವಲೇಶವೂ ಉಳಿಯದಂತೆ ಅದನ್ನು ಸಂಪೂರ್ಣವಾಗಿ ಕೆಡವಿ, ಬರಿಯ ಲೋಹಪರಮಾಣುಗಳನ್ನು ಎಣಿಸುವುದು. ಎರಡನೆಯ ಮಾರ್ಗದ ಉಪಕರಣಕ್ಕೆ ಐಸಿಪಿ-ಎಂಎಸ್ ಎಂಬ ಹೆಸರು ರೂಢಿಯಲ್ಲಿದೆ. ಅದರಲ್ಲಿ ಆರ್ಗಾನ್ ಅನಿಲವನ್ನು ರೇಡಿಯೋ ತರಂಗಗಳಿಂದ ಸೂರ್ಯನ ಮೇಲ್ಮೈಗೆ ಸಮನಾದ ಅಥವಾ ಅದನ್ನೂ ಮೀರಿದ ಉಷ್ಣತೆಗೆ ಏರಿಸಿ ಪ್ಲಾಸ್ಮಾ ಜ್ವಾಲೆಯನ್ನಾಗಿ ಮಾಡಿ, ದ್ರವರೂಪದ ಮಾದರಿಯನ್ನು ಮಂಜಿನಂತೆ ಅದರೊಳಗೆ ಸಿಂಪಡಿಸುತ್ತಾರೆ. 1980ರಲ್ಲಿ ಅಮೆರಿಕದ ಅಯೋವಾದ ಹೌಕ್, ಫ್ಯಾಸೆಲ್ ಮೊದಲಾದವರೂ ಇಂಗ್ಲೆಂಡಿನ ಗ್ರೇ, ಡೇಟ್ ಇವರೂ ಜೊತೆಗೂಡಿ ಈ ವಿಧಾನವನ್ನು ಪ್ರಕಟಿಸಿದರು. ಕೆಲವೇ ವರ್ಷಗಳಲ್ಲಿ ಅದು ಮಾರುಕಟ್ಟೆಗೆ ಬಂದಿತು. ಇಂದು ಒಂದು ಲೀಟರು ನೀರಿನಲ್ಲಿ ಒಂದು ಗ್ರಾಮಿನ ನೂರು ಕೋಟಿಯ ಒಂದು ಭಾಗದಷ್ಟು ಲೋಹವಿದ್ದರೂ ಈ ಯಂತ್ರವು ಪತ್ತೆಹಚ್ಚುವುದು ವಾಡಿಕೆಯ ಮಾತಾಗಿದೆ. ಮೊದಲನೆಯ ಮಾರ್ಗವು ಲೋಹದ ಸಹವಾಸವನ್ನು ತಿಳಿಸುತ್ತದೆ. ಎರಡನೆಯದು ಲೋಹದ ಪರಿಮಾಣವನ್ನು. ಒಂದನ್ನು ಮಾತ್ರ ಅವಲಂಬಿಸಿದವನಿಗೆ ದೊರೆಯುವುದು ಅರ್ಧಜ್ಞಾನ.

ಈ ಪೀಠಿಕೆಯೊಡನೆ ಈಗ ಎರಡನೆಯ ವಿಷಯಕ್ಕೆ, ನಾವು ನಿಂತಿರುವ ನೆಲದ ಕೆಳಗಣ ತೈಲಕ್ಕೆ, ಇಳಿಯೋಣ. ಕುವೈತ್ ಆಯಿಲ್ ಕಂಪೆನಿಯು ಸ್ಥಾಪಿತವಾದುದು 1934ರಲ್ಲಿ. ಬುರ್ಗಾನಿನಲ್ಲಿ ತೈಲ ಚಿಮ್ಮಿದುದು 1938ರ ಫೆಬ್ರವರಿಯಲ್ಲಿ. ಮಹಾಯುದ್ಧದ ದೆಸೆಯಿಂದ ಕೆಲಸ ನಿಂತು, ಪ್ರಥಮ ತೈಲನೌಕೆ ಇಲ್ಲಿಂದ ಹೊರಟುದು 1946ರ ಜೂನ್ 30ರಂದು. ಕಂಪೆನಿ ಹುಟ್ಟಿದ ಆ 1934ನೆಯ ಇಸವಿಯಲ್ಲಿಯೇ, ಇದರ ಪರಿವೆಯೇ ಇಲ್ಲದೆ, ಜರ್ಮನಿಯ ಮ್ಯೂನಿಕ್ ನಗರದಲ್ಲಿ ಆಲ್ಫ್ರೆಡ್ ಟ್ರೈಬ್ಸ್ ಎಂಬ ರಸಾಯನಜ್ಞರು ತೈಲಗಳನ್ನೂ ತೈಲಶಿಲೆಗಳನ್ನೂ ಪರೀಕ್ಷಿಸುತ್ತ, ಅವುಗಳಲ್ಲಿ ಪಾರ್ಫಿರಿನ್ ಎಂಬ ವರ್ಣದ್ರವ್ಯಗಳು ಅಡಗಿರುವುದನ್ನೂ, ಆ ಪಾರ್ಫಿರಿನ್ನುಗಳ ಮಧ್ಯದಲ್ಲಿ ವನೇಡಿಯಂ ಲೋಹವು ಕುಳಿತಿರುವುದನ್ನೂ ಕಂಡುಹಿಡಿದರು. ಸಸ್ಯಗಳ ಪತ್ರಹರಿತ್ತಿನ ಅಸ್ಥಿಪಂಜರವೂ ಪಾರ್ಫಿರಿನ್ ವರ್ಗಕ್ಕೆ ಸೇರಿದುದೇ. ಅದರ ನಡುವೆ ಇರುವುದು ಮೆಗ್ನೀಸಿಯಂ. ನಮ್ಮ ರಕ್ತದ ಕೆಂಪುವರ್ಣದಲ್ಲಿ ಅದೇ ಸ್ಥಾನದಲ್ಲಿ ಕಬ್ಬಿಣವಿದೆ. ಹಾಗಾದರೆ ತೈಲದ ಪಾರ್ಫಿರಿನ್ ಬಂದುದೆಲ್ಲಿಂದ? ಹತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿದ್ದ ಬೆಚ್ಚನೆಯ ಸಮುದ್ರದಲ್ಲಿ ತೇಲುತ್ತಿದ್ದ ಸೂಕ್ಷ್ಮ ಪಾಚಿಗಳು ಸತ್ತು, ಪ್ರಾಣವಾಯುವಿಲ್ಲದ ಕೆಸರಿನಲ್ಲಿ ಹೂತುಹೋಗಿ, ಅವುಗಳ ಪತ್ರಹರಿತ್ತು ಮೆಗ್ನೀಸಿಯಮನ್ನು ಕಳೆದುಕೊಂಡು, ಬರಿದಾದ ಆ ಆಸನವನ್ನು ವನೇಡಿಯಮೋ ನಿಕ್ಕಲ್ಲೋ ಆಕ್ರಮಿಸಿತು. ತೈಲವು ಜೀವಿಗಳಿಂದ ಉಂಟಾದುದೆಂಬ ವಾದಕ್ಕೆ ಟ್ರೈಬ್ಸ್ ಅವರ ಶೋಧವು ಬಲವಾದ ಆಧಾರವಾಯಿತು.

ಶಾಸ್ತ್ರನಿಷ್ಠೆಯಿಂದ ಒಂದು ಮಾತನ್ನು ಸೇರಿಸಬೇಕು. ಲೋಹವು ಕಾರ್ಬನ್ನಿಗೇ ನೇರವಾಗಿ ಬಂಧಿತವಾಗಿದ್ದರೆ ಮಾತ್ರ ಅದನ್ನು ಲೋಹಸಾವಯವ ಸಂಯುಕ್ತವೆಂದು ಕರೆಯಬೇಕೆಂಬುದು ಕಟ್ಟುನಿಟ್ಟಾದ ಲಕ್ಷಣ. ಪಾರ್ಫಿರಿನ್ನಿನಲ್ಲಿ ಲೋಹವು ಹಿಡಿದುಕೊಂಡಿರುವುದು ನಾಲ್ಕು ನೈಟ್ರೊಜನ್ ಪರಮಾಣುಗಳನ್ನು. ಆದುದರಿಂದ ಅದು ಆ ಪಂಗಡದ ನೆರೆಮನೆಯದೇ ವಿನಾ ಒಳಮನೆಯದಲ್ಲ. ಪರೀಕ್ಷೆಯ ರೀತಿ ಮಾತ್ರ ಎರಡಕ್ಕೂ ಒಂದೇ.

ಟ್ರೈಬ್ಸ್ ಅವರು ವರ್ಣರೋಹಿತದಿಂದ ಊಹಿಸಿದುದನ್ನು ಅಣುವಿನ ತೂಕದಿಂದಲೇ ವಿಶದಪಡಿಸಿದುದು ರಾಶಿ ರೋಹಿತಮಾಪಕ. 1967ರಲ್ಲಿ ಅರ್ಲ್ ಬೇಕರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧದಿಂದ ಮುಂದಕ್ಕೆ, ತೈಲದಲ್ಲಿರುವುದು ಒಂದು ಪಾರ್ಫಿರಿನ್ ಅಲ್ಲ, ಪಾರ್ಫಿರಿನ್ನುಗಳ ಎರಡು ಪ್ರಧಾನ ವಂಶಗಳೆಂಬುದು ಸ್ಪಷ್ಟವಾಯಿತು. ಒಂದು ವಂಶದಲ್ಲಿ ಪತ್ರಹರಿತ್ತಿನಿಂದ ಬಂದ ಐದನೆಯ ಉಂಗುರವು ಇನ್ನೂ ಉಳಿದಿದೆ, ಇನ್ನೊಂದರಲ್ಲಿ ಅದಿಲ್ಲ. ಮೂವತ್ತೆರಡು ಕಾರ್ಬನ್ ಪರಮಾಣುಗಳುಳ್ಳ ವನೇಡಿಯಂ ಪಾರ್ಫಿರಿನ್ನನ್ನು ಉದಾಹರಣೆಗೆ ತೆಗೆದುಕೊಂಡರೆ, ಉಂಗುರವಿರುವುದು 541ರಲ್ಲಿಯೂ ಉಂಗುರವಿಲ್ಲದುದು 543ರಲ್ಲಿಯೂ ಕಾಣಿಸುತ್ತದೆ. ಎರಡು ಹೈಡ್ರೊಜನ್ನುಗಳ ಅಂತರ. ಪ್ರತಿಯೊಂದು ವಂಶದಲ್ಲಿಯೂ ಮೇಲಕ್ಕೂ ಕೆಳಕ್ಕೂ 14, 14ರ ಅಂತರದಲ್ಲಿ ಶಿಖರಗಳ ಸಾಲು ಹಬ್ಬಿರುತ್ತದೆ. ಒಂದೊಂದು ಮೆಟ್ಟಿಲೂ ಒಂದು ಕಾರ್ಬನ್ ಹಾಗೂ ಎರಡು ಹೈಡ್ರೊಜನ್ನುಗಳಿಗೆ ಸಮ. ತೈಲವು ಭೂಗರ್ಭದಲ್ಲಿ ಹೆಚ್ಚು ಬೆಂದಷ್ಟೂ ಉಂಗುರವಿಲ್ಲದ ವಂಶದ ಪಾಲು ಸಾಮಾನ್ಯವಾಗಿ ಹೆಚ್ಚುತ್ತದೆ. ಆದುದರಿಂದ ಇವೆರಡರ ನಿಷ್ಪತ್ತಿಯನ್ನು ನೋಡಿ ಆ ತೈಲದ ಪಕ್ವತೆಯನ್ನು ಭೂವಿಜ್ಞಾನಿಗಳು ಅಂದಾಜು ಮಾಡುತ್ತಾರೆ.

ನಿಕ್ಕಲ್ ಪಾರ್ಫಿರಿನ್ನಿಗೆ ಬಂದಾಗ ಒಂದು ತೊಡಕು ತಲೆದೋರುತ್ತದೆ. ಅದನ್ನು ಸಮೀಪದಿಂದ ನೋಡುವುದು ಅವಶ್ಯ. ಉಂಗುರವಿಲ್ಲದ ವಂಶದ ಅಣುವಿನಲ್ಲಿ 58ರ ನಿಕ್ಕಲ್ ಕುಳಿತರೆ ಒಟ್ಟು ತೂಕ 534. ಉಂಗುರವಿರುವ ವಂಶದ ಅಣುವಿನಲ್ಲಿ 60ರ ನಿಕ್ಕಲ್ ಕುಳಿತರೂ ಒಟ್ಟು ತೂಕ 534! ಎರಡು ಹೈಡ್ರೊಜನ್ನುಗಳ ಕೊರತೆಯನ್ನು ನಿಕ್ಕಲ್ಲಿನ ಭಾರವಾದ ಸಮಸ್ಥಾನಿಯು ತುಂಬಿಕೊಟ್ಟುಬಿಡುತ್ತದೆ. ಸಾಧಾರಣ ಯಂತ್ರಕ್ಕೆ ಇವೆರಡೂ ಒಂದೇ ಶಿಖರ. ಆದರೆ ಪರಮಾಣುಗಳ ತೂಕಗಳು ಪೂರ್ಣಾಂಕಗಳಲ್ಲವೆಂಬುದು ಇಲ್ಲಿ ನಮ್ಮ ಸಹಾಯಕ್ಕೆ ಬರುತ್ತದೆ. ಎರಡು ಹೈಡ್ರೊಜನ್ನುಗಳ ನಿಜವಾದ ತೂಕ 2.0157, ಎರಡು ನಿಕ್ಕಲ್ ಸಮಸ್ಥಾನಿಗಳ ನಿಜವಾದ ಅಂತರ 1.9954. ಈ ಎರಡರ ನಡುವೆ ಉಳಿಯುವ ವ್ಯತ್ಯಾಸ 0.02. ಐನೂರ ಮೂವತ್ತನಾಲ್ಕರಲ್ಲಿ ಈ ಎರಡು ಶತಾಂಶವನ್ನು ಬೇರ್ಪಡಿಸಬೇಕಾದರೆ ಯಂತ್ರದ ಪೃಥಕ್ಕರಣ ಸಾಮರ್ಥ್ಯವು ಇಪ್ಪತ್ತಾರು ಸಾವಿರವನ್ನು ಮೀರಿರಬೇಕು. 1974ರಲ್ಲಿ ಕಾಮಿಸರೋವ್ ಮತ್ತು ಮಾರ್ಷಲ್ ಅವರು ಪ್ರಚುರಪಡಿಸಿದ, ಅಯಾನುಗಳನ್ನು ಪ್ರಬಲ ಕಾಂತಕ್ಷೇತ್ರದಲ್ಲಿ ಸುತ್ತಾಡಿಸಿ ಅವುಗಳ ಆವರ್ತನವನ್ನು ಅಳೆಯುವ ವಿಧಾನವು ಇದನ್ನೂ ಇದಕ್ಕಿಂತ ಬಹುಪಾಲು ಕಠಿನವಾದುದನ್ನೂ ಸಾಧಿಸಬಲ್ಲುದು. ಅದರ ಬಲದಿಂದ ಇಂದು ಕಚ್ಚಾ ತೈಲದ ಒಂದು ಮಾದರಿಯಲ್ಲಿಯೇ ಸಹಸ್ರಾರು ಅಣುಗಳನ್ನು ಒಂದೊಂದಾಗಿ ಹೆಸರಿಸುವುದು ಸಾಧ್ಯವಾಗಿದೆ.

ಇದೆಲ್ಲ ಪಂಡಿತರ ಕುತೂಹಲಕ್ಕೆ ಮಾತ್ರ ಸಂಬಂಧಿಸಿದುದೆಂದು ಯಾರೂ ಭಾವಿಸಬಾರದು. ಕುವೈತಿನ ಕಚ್ಚಾ ತೈಲದಲ್ಲಿ ವನೇಡಿಯಂ ಇರುವುದು ತೂಕದಲ್ಲಿ ಹತ್ತು ಲಕ್ಷಕ್ಕೆ ಇಪ್ಪತ್ತು ಮೂವತ್ತು ಭಾಗಗಳ ಆಸುಪಾಸಿನಲ್ಲಿ. ನಿಕ್ಕಲ್ ಅದಕ್ಕಿಂತ ಕಡಮೆ. ಒಂದು ಪೀಪಾಯಿ ತೈಲಕ್ಕೆ ಲೆಕ್ಕ ಹಾಕಿದರೆ ಮೂರು ನಾಲ್ಕು ಗ್ರಾಂ ವನೇಡಿಯಂ. ದಿನಕ್ಕೆ ಒಂದು ಲಕ್ಷ ಪೀಪಾಯಿಗಳನ್ನು ಸಂಸ್ಕರಿಸುವ ಶುದ್ಧೀಕರಣಾಗಾರದಲ್ಲಾದರೋ ಅದು ಪ್ರತಿದಿನವೂ ಮುನ್ನೂರು ನಾನೂರು ಕಿಲೋಗ್ರಾಂ ಆಗಿ ಒಳಕ್ಕೆ ಬರುತ್ತದೆ. ತೈಲವನ್ನು ಬಟ್ಟಿ ಇಳಿಸಿದಾಗ ಈ ಲೋಹಗಳು ಹಗುರವಾದ ಪೆಟ್ರೋಲಿನೊಡನೆ ಮೇಲೇರದೆ, ತಳದಲ್ಲಿ ಉಳಿಯುವ ಗಡುಸಾದ ಶೇಷದಲ್ಲಿ ಸಾಂದ್ರವಾಗುತ್ತವೆ. ಆ ಶೇಷದಿಂದ ಗಂಧಕವನ್ನು ತೆಗೆಯುವುದಕ್ಕಾಗಿ ಮೀನಾ ಅಲ್ ಅಹ್ಮದಿ, ಮೀನಾ ಅಬ್ದುಲ್ಲಾ ಮುಂತಾದೆಡೆ ದೊಡ್ಡ ದೊಡ್ಡ ಘಟಕಗಳಿವೆ. ಈ ಸಭೆಯಲ್ಲಿ ಅಲ್ಲಿ ದುಡಿಯುವವರೂ ಇದ್ದೀರಿ. ನಾನು ಹೇಳುವುದನ್ನು ನೀವು ಕಣ್ಣಾರೆ ಕಂಡಿದ್ದೀರಿ.

ಆ ಘಟಕಗಳ ಒಡಲಲ್ಲಿ ತುಂಬಿರುವ ಕ್ಯಾಟಲಿಸ್ಟಿನ ಒಂದು ಕಾಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ. ಒಂದೆರಡು ಮಿಲಿಮೀಟರು ದಪ್ಪ, ಕೆಲವು ಮಿಲಿಮೀಟರು ಉದ್ದದ, ಶ್ಯಾವಿಗೆಯ ತುಂಡಿನಷ್ಟರ ಕಡ್ಡಿ, ಅಲ್ಯೂಮಿನದ ಒಡಲು, ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು, ರಂಧ್ರಗಳ ಗೋಡೆಯ ಮೇಲೆ ಮಾಲಿಬ್ಡಿನಂ, ಅದರ ಜೊತೆಗೆ ಕೋಬಾಲ್ಟೋ ನಿಕ್ಕಲ್ಲೋ. ಬಿಸಿಯಾದ ಶೇಷತೈಲವು ಹೈಡ್ರೊಜನ್ನಿನೊಡನೆ ಇದರ ಮೇಲೆ ಹರಿಯುವಾಗ ಪಾರ್ಫಿರಿನ್ ಅಣುಗಳು ಒಡೆದು, ವನೇಡಿಯಂ ಸಲ್ಫೈಡಾಗಿ ರಂಧ್ರಗಳಲ್ಲಿ ಕುಳಿತುಬಿಡುತ್ತದೆ. ಸವೆದ ಕಡ್ಡಿಯನ್ನು ಅಡ್ಡಲಾಗಿ ಕತ್ತರಿಸಿ, ಲೇಸರ್ ಕಿರಣದಿಂದ ಅಂಚಿನಿಂದ ಮಧ್ಯದವರೆಗೆ ಚುಕ್ಕೆಚುಕ್ಕೆಯಾಗಿ ಕೆರೆದು, ಎದ್ದ ಧೂಳನ್ನು ಪ್ಲಾಸ್ಮಾ ಯಂತ್ರಕ್ಕೆ ಕಳುಹಿಸಿದರೆ, ವನೇಡಿಯಂ ಹೆಚ್ಚಾಗಿ ಅಂಚಿನಲ್ಲಿಯೇ ಗುಂಪುಗೂಡಿರುವುದೂ, ನಿಕ್ಕಲ್ ಅದಕ್ಕಿಂತ ಒಳಕ್ಕೆ ತೂರಿಹೋಗಿರುವುದೂ ಕಾಣಬರುತ್ತದೆ. ಎಂದರೆ ಕಡ್ಡಿಯ ಒಳಭಾಗವು ಇನ್ನೂ ಶಕ್ತವಾಗಿರುವಾಗಲೇ ಹೊರಬಾಗಿಲು ಮುಚ್ಚಿಹೋಗಿದೆ. ಒಟ್ಟು ಪರಿಮಾಣವೊಂದನ್ನೇ ಅಳೆದವನಿಗೆ ಈ ಸಂಗತಿ ತಿಳಿಯುತ್ತಿರಲಿಲ್ಲ. ರಂಧ್ರಗಳನ್ನು ಹಿಗ್ಗಿಸಿದ ಬೇರೊಂದು ಕ್ಯಾಟಲಿಸ್ಟನ್ನು ಮುಂದಿನ ಸಾಲಿನಲ್ಲಿ ಇರಿಸಿ ಲೋಹವನ್ನು ಮೊದಲೇ ಹಿಡಿದುಬಿಡಬೇಕೆಂಬ ಯುಕ್ತಿಯೂ ಹೊಳೆಯುತ್ತಿರಲಿಲ್ಲ.

ಸವೆದ ಕ್ಯಾಟಲಿಸ್ಟನ್ನು ಏನು ಮಾಡಬೇಕೆಂಬುದು ಇನ್ನೊಂದು ಸಮಸ್ಯೆ. ಅಮೆರಿಕ ಸರಕಾರವು 1998ರಲ್ಲಿ ಇದನ್ನು ಅಪಾಯಕರ ತ್ಯಾಜ್ಯಗಳ ಪಟ್ಟಿಗೆ ಸೇರಿಸಿತು. ಕುವೈತ್ ವೈಜ್ಞಾನಿಕ ಸಂಶೋಧನಾ ಸಂಸ್ಥೆಯಲ್ಲಿ ಮೀನಾ ಮರಾಫಿ, ಆಂಟನಿ ಸ್ಟಾನಿಸ್ಲಾಸ್ ಮುಂತಾದವರು ಇದರಿಂದ ವನೇಡಿಯಂ, ಮಾಲಿಬ್ಡಿನಂಗಳನ್ನು ಹಿಂಪಡೆಯುವ ವಿಷಯವಾಗಿ ದೀರ್ಘಕಾಲ ಪರಿಶ್ರಮಿಸಿದ್ದಾರೆ; ಅವರು ಎಡ್ವರ್ಡ್ ಫ್ಯುರಿಮ್ಸ್ಕಿ ಅವರೊಡಗೂಡಿ ರಚಿಸಿದ ಗ್ರಂಥವು ಈ ವಿಷಯದಲ್ಲಿ ಪ್ರಮಾಣಗ್ರಂಥವಾಗಿದೆ. ಇದು ನಮ್ಮ ಕರಾವಳಿಗೂ ಸಂಬಂಧಿಸಿದ ಮಾತು. ಮಂಗಳೂರಿನ ಬಳಿಯ ಶುದ್ಧೀಕರಣಾಗಾರಕ್ಕೆ ಈ ಕೊಲ್ಲಿಯ ಕಡೆಯಿಂದ ನೌಕೆಗಳಲ್ಲಿ ಹೋಗುವ ತೈಲದೊಡನೆ ಇದೇ ವನೇಡಿಯಂ, ಇದೇ ನಿಕ್ಕಲ್, ಅರಬ್ಬೀ ಸಮುದ್ರವನ್ನು ದಾಟುತ್ತವೆ.

ಇಲ್ಲಿಗೆ ತೈಲದ ವಿಚಾರವನ್ನು ಮುಗಿಸಿ ಮೂರನೆಯ ವಿಷಯವಾದ ಸಮುದ್ರಜಲಕ್ಕೆ ಬರುತ್ತೇನೆ. 1991ರಲ್ಲಿ ಈ ನಾಡಿನ ಆರುನೂರಕ್ಕೂ ಹೆಚ್ಚು ತೈಲಬಾವಿಗಳು ಹೊತ್ತಿ ಉರಿದುದನ್ನೂ, ನವೆಂಬರ್ 6ರಂದು ಕೊನೆಯ ಬೆಂಕಿ ಆರಿದುದನ್ನೂ, ಅದಕ್ಕೆ ಮೊದಲು ಅಪಾರ ತೈಲವು ಕೊಲ್ಲಿಗೆ ಹರಿದುದನ್ನೂ ಇಲ್ಲಿಯ ಹಿರಿಯರು ಬಲ್ಲರು. ತೈಲದ ಮಸಿ ಎಲ್ಲಿ ಬಿದ್ದಿತು, ಕಡಲತಳದ ಕೆಸರಿನಲ್ಲಿ ಎಷ್ಟು ಉಳಿಯಿತು ಎಂಬುದನ್ನು ಅರಸುವವರಿಗೆ ವನೇಡಿಯಂ ಹಾಗೂ ನಿಕ್ಕಲ್‌ಗಳ ನಿಷ್ಪತ್ತಿಯು ಒಂದು ಸುಳಿವು. ತೈಲತೈಲಕ್ಕೂ ಅದು ಬೇರೆಬೇರೆಯಾಗಿರುತ್ತದೆ. ಹೀಗೆ ಸಮುದ್ರಜಲದಲ್ಲಿ ವನೇಡಿಯಮನ್ನು ಅಳೆಯುವುದು ಕುವೈತಿನಲ್ಲಿ ಅಗತ್ಯವಾದ ಕೆಲಸ. 1953ರಲ್ಲಿ ಶುವೈಖ್‌ನಲ್ಲಿ ನಿರ್ಲವಣೀಕರಣದ ಸ್ಥಾವರವು ಆರಂಭವಾಗುವ ತನಕ ಶತ್ ಅಲ್ ಅರಬ್ ನದಿಯಿಂದ ಹಡಗುಗಳಲ್ಲಿ ಸಿಹಿನೀರು ತರಿಸಿಕೊಳ್ಳುತ್ತಿದ್ದ ಈ ಊರಿಗೆ ಇಂದು ಸಮುದ್ರವೇ ಬಾವಿ; ಅದರ ನೀರಿನ ಗುಣವನ್ನು ತಿಳಿಯದೆ ವಿಧಿಯಿಲ್ಲ.

ಅಳೆಯುವುದಾದರೂ ಹೇಗೆ? ವಿಶಾಲ ಸಾಗರದ ನೀರಿನಲ್ಲಿ ವನೇಡಿಯಂ ಇರುವುದು ಲೀಟರಿಗೆ ಸುಮಾರು ಎರಡು ಮೈಕ್ರೋಗ್ರಾಂ. ಅದೇ ಲೀಟರಿನಲ್ಲಿ ಕ್ಲೋರೈಡ್ ಇರುವುದು ಹತ್ತೊಂಬತ್ತು ಗ್ರಾಮಿಗೂ ಮೇಲೆ; ಉಪ್ಪು ಹೆಚ್ಚಾದ ಈ ಕೊಲ್ಲಿಯಲ್ಲಿ ಇನ್ನೂ ಅಧಿಕ. ಎಂದರೆ ಒಂದು ವನೇಡಿಯಂ ಪರಮಾಣುವಿಗೆ ಒಂದು ಕೋಟಿಗೂ ಮೀರಿ ಕ್ಲೋರಿನ್ ಪರಮಾಣುಗಳು. ಪ್ಲಾಸ್ಮಾ ಜ್ವಾಲೆಯಲ್ಲಿ 35ರ ಕ್ಲೋರಿನ್ ನೀರಿನ 16ರ ಆಮ್ಲಜನಕದೊಡನೆ ಕೂಡಿ 51ರ ಅಯಾನಾಗುತ್ತದೆ. ವನೇಡಿಯಂನ ತೂಕವೂ 51. ಸಾಸಿವೆಯಷ್ಟು ಕ್ಲೋರಿನ್ ಹೀಗೆ ಕೂಡಿಕೊಂಡರೂ ಸಾಕು, ನೀರಿನಲ್ಲಿ ಇಲ್ಲದ ವನೇಡಿಯಂ ಇದೆಯೆಂದು ಯಂತ್ರವು ಸಾರಿಬಿಡುತ್ತದೆ. ನಿಕ್ಕಲ್‌ನಂತೆ ವನೇಡಿಯಂಗೆ ಸಮಸ್ಥಾನಿಗಳ ಗುಂಪೂ ಇಲ್ಲ, ನೂರಕ್ಕೆ 99.75 ಪಾಲು ಅದು 51 ಒಂದೇ. ಆದುದರಿಂದ ಅದರ ಮುಖಲಕ್ಷಣದಿಂದ ಅದನ್ನು ಗುರುತಿಸುವ ಅನುಕೂಲವು ಇಲ್ಲಿ ನಮಗಿಲ್ಲ.

ಪರೀಕ್ಷಕನು ಇಲ್ಲಿ ಮೂರು ದಾರಿಗಳನ್ನು ಹಿಡಿಯಬಲ್ಲನು. ಕ್ಲೋರಿನ್ನಿಗೆ 37ರ ತೂಕದ ಸೋದರನಿದ್ದಾನೆ; ಅವನೂ ಆಮ್ಲಜನಕದೊಡನೆ ಕೂಡಿ 53ರಲ್ಲಿ ಕಾಣಿಸಿಕೊಳ್ಳುತ್ತಾನೆ. 53ನ್ನು ಅಳೆದು, ಅದರಲ್ಲಿ ಕ್ರೋಮಿಯಂನ ಪಾಲನ್ನು 52ರ ಶಿಖರದಿಂದ ಲೆಕ್ಕಹಾಕಿ ಕಳೆದು, ಉಳಿದುದನ್ನು ಮೂರು ಚಿಲ್ಲರೆಯಿಂದ ಗುಣಿಸಿ 51ರಿಂದ ಕಳೆದರೆ ನಿಜವಾದ ವನೇಡಿಯಂ ಉಳಿಯಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಧಿಯಲ್ಲಿ ಆ ಗುಣಕವು 3.127. ಕ್ಲೋರೈಡ್ ಕಡಮೆಯಿರುವ ಕುಡಿಯುವ ನೀರಿಗೆ ಇದು ಒಪ್ಪುತ್ತದೆ. ಸಮುದ್ರಜಲದಲ್ಲಿ ಒಂದು ದೊಡ್ಡ ಸಂಖ್ಯೆಯಿಂದ ಇನ್ನೊಂದು ದೊಡ್ಡ ಸಂಖ್ಯೆಯನ್ನು ಕಳೆದು ಅಣುಮಾತ್ರದ ಶೇಷವನ್ನು ನಂಬಬೇಕಾಗುವುದರಿಂದ ನಾನು ಇದನ್ನು ನೆಚ್ಚಲಾರೆ. ಎರಡನೆಯ ದಾರಿಯಲ್ಲಿ ಅಯಾನುಗಳನ್ನು ಹೀಲಿಯಂ ತುಂಬಿದ ಕೋಶದ ಮೂಲಕ ಹಾಯಿಸುತ್ತಾರೆ. ಎರಡು ಪರಮಾಣುಗಳು ಸೇರಿ ಸ್ಥೂಲವಾದ ಕ್ಲೋರಿನ್ ಆಕ್ಸೈಡ್ ಹೆಚ್ಚು ಡಿಕ್ಕಿಗಳಿಗೆ ಸಿಕ್ಕಿ ವೇಗ ಕುಂದಿ ಹಿಂದುಳಿಯುತ್ತದೆ, ಒಂಟಿಯಾದ ವನೇಡಿಯಂ ಪಾರಾಗುತ್ತದೆ. ಮೂರನೆಯದು ಸೂಕ್ಷ್ಮತೂಕದ ದಾರಿ. ವನೇಡಿಯಂನ ನಿಜತೂಕ 50.944, ಕ್ಲೋರಿನ್ ಆಕ್ಸೈಡಿನದು 50.964. ಇಲ್ಲಿಯೂ ವ್ಯತ್ಯಾಸ 0.02! ಹಿಂದೆ ನಿಕ್ಕಲ್ ಪಾರ್ಫಿರಿನ್ನಿನಲ್ಲಿ ಕಂಡ ಅಂತರವೂ ಇಷ್ಟೇ ಆಗಿತ್ತೆಂಬುದು ನಿಮಗೆ ಸ್ಮರಣೆಗೆ ಬಂದಿರಬೇಕು. ಆದರೆ ಇಲ್ಲಿ ಒಟ್ಟು ತೂಕವು ಕೇವಲ 51 ಆದುದರಿಂದ, ಅಲ್ಲಿ ಬೇಕಾಗಿದ್ದ ಸಾಮರ್ಥ್ಯದ ಹತ್ತರಲ್ಲಿ ಒಂದು ಪಾಲು, ಎರಡೂವರೆ ಸಾವಿರಕ್ಕೆ ತುಸು ಮೇಲೆ, ಇದ್ದರೆ ಸಾಕು. ಯಂತ್ರವನ್ನು ಕೊಳ್ಳುವ ಮುನ್ನ ತನ್ನ ಪ್ರಶ್ನೆ ಯಾವುದೆಂಬುದನ್ನು ನಿಶ್ಚಯಿಸಿಕೊಳ್ಳಬೇಕೆಂದು ನಾನು ಕಿರಿಯರಿಗೆ ಹೇಳುವುದು ಈ ಕಾರಣದಿಂದಲೇ.

ಈಗ ಉಳಿದ ಎರಡು ವಿಷಯಗಳನ್ನು ಶೀಘ್ರವಾಗಿ ಹೇಳಿಬಿಡುತ್ತೇನೆ. ಮೊದಲನೆಯದು ಯುರೇನಿಯಂ. 1991ರ ಯುದ್ಧದಲ್ಲಿ ಕ್ಷೀಣ ಯುರೇನಿಯಂನಿಂದ ಮಾಡಿದ ಗುಂಡುಗಳು ಈ ಮರಳಿನಲ್ಲಿ ಬಿದ್ದುವು. ಆ ವರ್ಷದ ಜುಲೈಯಲ್ಲಿ ಕ್ಯಾಂಪ್ ದೋಹಾದಲ್ಲಿ ಬೆಂಕಿ ಬಿದ್ದಾಗ ಇನ್ನಷ್ಟು ಸುಟ್ಟುವು. ಯುರೇನಿಯಂ ಎಲ್ಲ ಮಣ್ಣಿನಲ್ಲಿಯೂ ಅಷ್ಟೋ ಇಷ್ಟೋ ಸ್ವಭಾವತಃ ಇರುವುದರಿಂದ ಮಣ್ಣಿನಲ್ಲಿ ಅದು ಎಷ್ಟಿದೆಯೆಂಬ ಸಂಖ್ಯೆಯು ಏನನ್ನೂ ನಿರ್ಧರಿಸದು. ಸ್ವಾಭಾವಿಕ ಯುರೇನಿಯಂನಲ್ಲಿ 235ರ ಪಾಲು ನೂರಕ್ಕೆ 0.72, ಕ್ಷೀಣ ಯುರೇನಿಯಂನಲ್ಲಿ ಸುಮಾರು 0.2. ಈ ನಿಷ್ಪತ್ತಿಯನ್ನು ರಾಶಿ ರೋಹಿತಮಾಪಕದಿಂದ ಅಳೆದಾಗ ಮಾತ್ರ ನೆಲದ್ದು ಯಾವುದು, ಯುದ್ಧದ್ದು ಯಾವುದು ಎಂಬುದು ಬೇರ್ಪಡುತ್ತದೆ. ಕುವೈತ್ ಸರಕಾರದ ಕೋರಿಕೆಯ ಮೇರೆಗೆ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು ಹನ್ನೊಂದು ಸ್ಥಳಗಳನ್ನು ಪರೀಕ್ಷಿಸಿ 2003ರಲ್ಲಿ ವರದಿಯನ್ನು ಪ್ರಕಟಿಸಿತು; ಜನತೆಗೆ ವಿಕಿರಣದ ಅಪಾಯವಿಲ್ಲವೆಂದೂ, ಗುಂಡಿನ ಚೂರುಗಳನ್ನು ಮಾತ್ರ ಕೈಯಲ್ಲಿ ಮುಟ್ಟಬಾರದೆಂದೂ ಅದರ ನಿರ್ಣಯ. ಇದೇ ಸಮಸ್ಥಾನಿ ವಿದ್ಯೆಯು ನಮ್ಮ ಹಾಸನ ಜಿಲ್ಲೆಯ ಗೊರೂರಿನ ಶಿಲೆಗಳಲ್ಲಿ ರುಬಿಡಿಯಂ, ಸ್ಟ್ರಾನ್ಷಿಯಂಗಳನ್ನು ಅಳೆದು, ಅವುಗಳ ವಯಸ್ಸು 336 ಕೋಟಿ ವರ್ಷಗಳೆಂದು 1980ರಲ್ಲಿ ತಿಳಿಸಿತು. ಹೇಮಾವತಿಯ ದಡದ ಬಂಡೆಯ ಮೇಲೆ ಕುಳಿತವರಿಗೆ ಆ ಬಂಡೆಯ ಪ್ರಾಚೀನತೆಯನ್ನು ತಿಳಿಸಿಕೊಟ್ಟ ವಿದ್ಯೆಯೂ ಇದೇ ಎಂಬುದು ನೆನಪಿನಲ್ಲಿಡತಕ್ಕ ಸಂಗತಿ.

ಎರಡನೆಯದು ಪಾದರಸ. ಇದು ಕಟ್ಟುನಿಟ್ಟಾದ ಅರ್ಥದಲ್ಲಿಯೇ ಲೋಹಸಾವಯವದ ಉದಾಹರಣೆ. ಪಾದರಸದ ಪರಮಾಣುವಿಗೆ ಒಂದು ಮೀಥೈಲ್ ಗುಂಪು ಅಂಟಿಕೊಂಡೊಡನೆ ಅದು ದೇಹದಲ್ಲಿ ಸುಲಭವಾಗಿ ಹೀರಲ್ಪಟ್ಟು ಮೆದುಳನ್ನು ಸೇರುವ ಘೋರವಿಷವಾಗುತ್ತದೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ದುರಂತವು ಇದರಿಂದಲೇ ಆದುದು. ಸಣ್ಣ ಮೀನನ್ನು ದೊಡ್ಡ ಮೀನು ತಿನ್ನುವ ಸರಣಿಯಲ್ಲಿ ಮೇಲೇರಿದಂತೆಲ್ಲ ಅದು ಸಾಂದ್ರವಾಗುತ್ತದೆ. ಆದುದರಿಂದಲೇ ನಾವು ಊರಿನಲ್ಲಿ ಮಾಂಜಿ ಎನ್ನುವ, ಇಲ್ಲಿಯವರು ಜುಬೈದಿ ಎನ್ನುವ ಮೀನಿಗಿಂತ, ಬೇರೆ ಮೀನುಗಳನ್ನು ಬೇಟೆಯಾಡಿ ಬದುಕುವ ದೊಡ್ಡ ಮೀನುಗಳ ವಿಷಯದಲ್ಲಿ ಹೆಚ್ಚು ಎಚ್ಚರಿಕೆ ವಹಿಸುತ್ತಾರೆ. ಒಟ್ಟು ಪಾದರಸವನ್ನು ಎಣಿಸಿದರೆ ಸಾಲದು. ಮೊದಲು ಅದರ ರೂಪಗಳನ್ನು ವರ್ಣಲೇಖನ ವಿಧಾನದಿಂದ ಬೇರ್ಪಡಿಸಿ, ಒಂದರ ಹಿಂದೊಂದು ಹೊರಬರುವಂತೆ ಮಾಡಿ, ಆಮೇಲೆ ಪ್ಲಾಸ್ಮಾ ಯಂತ್ರಕ್ಕೆ ಕೊಡಬೇಕು. ಉಳಿಸುವ ಮಾರ್ಗ, ಕೆಡಹುವ ಮಾರ್ಗ ಎಂದು ನಾನು ಮೊದಲು ಹೇಳಿದ ಎರಡೂ ಇಲ್ಲಿ ಒಂದಾಗಿ ಕೆಲಸಮಾಡುತ್ತವೆ.

ಸಭಿಕರೇ, ಉಪಕರಣದ ಮಹಿಮೆಯನ್ನು ಇಷ್ಟು ಹೇಳಿದ ಮೇಲೆ ಅದರ ಮಿತಿಯನ್ನೂ ಹೇಳುವುದು ನನ್ನ ಕರ್ತವ್ಯ. ತೈಲದಲ್ಲಿರುವ ವನೇಡಿಯಂನಲ್ಲಿ ಒಂದು ಪಾಲು ಮಾತ್ರ ಪಾರ್ಫಿರಿನ್ ರೂಪದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಉಳಿದುದು ಆಸ್ಫಾಲ್ಟೀನ್ ಎಂಬ ಗಡಸು ಭಾಗದಲ್ಲಿ ಯಾವ ರೂಪದಿಂದ ಹುದುಗಿದೆಯೆಂಬುದು ಇನ್ನೂ ವಿದ್ವಾಂಸರ ಚರ್ಚೆಯ ವಿಷಯ. ಅಯಾನಾಗಿ ಏಳಲೊಲ್ಲದ ಅಣುವು ಯಂತ್ರದ ಪಾಲಿಗೆ ಇಲ್ಲದಂತೆಯೇ. ಆದುದರಿಂದ ರೇಖಾಚಿತ್ರದಲ್ಲಿ ಶಿಖರವಿಲ್ಲವೆಂದ ಮಾತ್ರಕ್ಕೆ ವಸ್ತುವೇ ಇಲ್ಲವೆಂದು ತೀರ್ಮಾನಿಸುವುದು ಶಾಸ್ತ್ರಕ್ಕೆ ಒಪ್ಪುವುದಿಲ್ಲ.

ಕೊನೆಯದಾಗಿ ಒಂದು ವಿಜ್ಞಾಪನೆ. ಆಸ್ಟನ್ ಅವರ ಯಂತ್ರವು ಸಿದ್ಧವಾಗುವುದಕ್ಕೆ ಮುನ್ನವೇ, 1918ರಲ್ಲಿ, ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಬೆಂಗಳೂರಿನಿಂದ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸುವ ಸಾಹಸವನ್ನು ಮಾಡಿದರು. ಅಹ್ಮದಿಯ ಶುದ್ಧೀಕರಣಾಗಾರಗಳಲ್ಲಿಯೂ, ನೀರಿನ ಸ್ಥಾವರಗಳಲ್ಲಿಯೂ, ಆಸ್ಪತ್ರೆಯ ಪ್ರಯೋಗಶಾಲೆಗಳಲ್ಲಿಯೂ ಇಂತಹ ಯಂತ್ರಗಳ ಬಳಿ ದಿನವೂ ನಿಲ್ಲುವ ಕನ್ನಡಿಗರು ಈ ಸಭೆಯಲ್ಲಿ ಇದ್ದೀರಿ. ನಿಮ್ಮ ಕೈಯಲ್ಲಿ ಹಾದುಹೋಗುವ ಮಾದರಿಯ ವಿಚಾರವನ್ನು, ಅದನ್ನು ಹೇಗೆ ಕರಗಿಸಿದಿರಿ, ಯಾವ ಶಿಖರವನ್ನು ನಂಬಿದಿರಿ, ಯಾವುದನ್ನು ಏತಕ್ಕೆ ನಂಬಲಿಲ್ಲ ಎಂಬುದನ್ನು, ಒಂದೆರಡು ಪುಟಗಳಲ್ಲಿಯಾದರೂ ಕನ್ನಡದಲ್ಲಿ ಬರೆದುಕೊಡಿ. ದತ್ತಿಯ ದಾನಿಗಳು ಪ್ರತಿವರ್ಷದ ಉಪನ್ಯಾಸದೊಡನೆ ಆ ಬರಹಗಳನ್ನೂ ಸೇರಿಸಿ ಒಂದೇ ಹೊತ್ತಗೆಯಾಗಿ ಮುದ್ರಿಸಿ, ಊರಿನ ಪ್ರೌಢಶಾಲೆಗಳಿಗೂ ಕಾಲೇಜುಗಳಿಗೂ ಕಳುಹಿಸಿಕೊಡುವ ಏರ್ಪಾಡನ್ನು ಮಾಡಬೇಕೆಂದು ಕೈಮುಗಿದು ಪ್ರಾರ್ಥಿಸುತ್ತೇನೆ.